ಗೋಡೆ ದಾಟಿದ ಗುಟ್ಟು

"ಗುನ್ವೋರ್... ಗಂಡ ಸತ್ತಾಗ ಅಳು ಬರಲಿಲ್ಲ ಅಂತ ಕೊರಗಬೇಡಿ. ನನ್ನ ಹೆಂಡತಿ ಹೋದಾಗ ನನಗೂ ಬರಲಿಲ್ಲ."

ಗುನ್ವೋರ್ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು!

ಎಪ್ಪತ್ತೆರಡು ವರ್ಷದ ಬದುಕಿನಲ್ಲಿ ಆ ಮಾತನ್ನು ಅವಳು ಹೇಳಿದ್ದು ಒಬ್ಬಳಿಗೇ. ಅದೂ ಈಗಷ್ಟೇ, ಮುಚ್ಚಿದ ಬಾಗಿಲ ಹಿಂದೆ, ಮನಶ್ಶಾಸ್ತ್ರಜ್ಞೆ ಮಾಲಿನ್ ಎದುರು. ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ಸಿಕ್ಸ್ಟನ್‌ಗೆ ಹೇಗೆ ಗೊತ್ತಾಯಿತು?

ಯೆವ್ಲೆ ಊರಿನ ಈ ಚಿಕಿತ್ಸಾಲಯದಲ್ಲಿ ಪ್ರತಿ ಮಂಗಳವಾರ ಅವನೊಂದಿಗೆ ಕಾಫಿ ಕುಡಿಯುವುದೇ ಅವಳ ವಾರದ ಸಂಭ್ರಮ. ಇನ್ನು ಅವನ ಮುಖ ನೋಡುವುದು ಹೇಗೆ?

ಅವಳು ದಡಬಡಿಸಿ ಮಾಲಿನ್ ಕೋಣೆಯ ಬಾಗಿಲು ತೆರೆದಳು.

"ಏನಮ್ಮ ಮಾಲಿನ್, ನನ್ನ ಗುಟ್ಟನ್ನ ಊರಿಗೆಲ್ಲ ಹಂಚ್ತೀಯಾ? ಇನ್ನು ಈ ಕಡೆ ಕಾಲಿಡಲ್ಲ!"

ಮಾಲಿನ್ ಮುಖ ಬಿಳಿಚಿಕೊಂಡಿತು. "ನಾನಾ?! ಯಾರಿಗೂ ಹೇಳಿಲ್ಲ!"

"ಅವಳನ್ನ ಬೈಬೇಡಿ," ಎಂದು ಸಿಕ್ಸ್ಟನ್ ಕಿವಿಯಿಂದ ಕೇಳಿಸುವ ಮಷೀನು ಕಿತ್ತು ತೋರಿಸಿದ. "ಕುರ್ಚಿಯಲ್ಲೇ ಕಣ್ಣು ಹತ್ತಿತ್ತು. ನಿಮ್ಮ ದನಿ ಇದರೊಳಗೇ ಬಂತು..."

ಮಾಲಿನ್ ಕಾರ್ಪೆಟ್ ನೋಡಿ ತಲೆ ಹಿಡಿದುಕೊಂಡಳು. ವಯಸ್ಸಾದವರಿಗಾಗಿ ಅವಳು ಮಾತು ನಿಧಾನ ಮಾಡಿದ್ದಳು, ನಡುವೆ ವಿರಾಮ ಕೊಡುತ್ತಿದ್ದಳು. ಕಿವಿ ಮಂದವಾದವರಿಗೆ ಮೇಜಿನ ಮೇಲಿನ ಮೈಕಿನ ಮಾತು ನೇರ ಮಷೀನಿಗೇ ತಲುಪಲೆಂದು ಹೋದ ವಾರವಷ್ಟೇ ಕೋಣೆ ಸುತ್ತ ಕಾರ್ಪೆಟ್ ಅಡಿಯಲ್ಲಿ ತಂತಿ ಹಾಕಿಸಿದ್ದಳು. ಆ ತಂತಿಗೆ ಗೋಡೆ ಲೆಕ್ಕಕ್ಕಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಅಯ್ಯೋ ದೇವರೇ! ತಪ್ಪಾಯ್ತು, ಈಗಲೇ ತೆಗೆಸ್ತೀನಿ!" ಎಂದು ಅವಳು ಸ್ವಿಚ್ಚಿನತ್ತ ಓಡಿದಳು.

ಗುನ್ವೋರ್ ಸಿಕ್ಸ್ಟನ್ ಕಡೆ ತಿರುಗಿ ದನಿ ಏರಿಸಿದಳು. "ಹಾಗಾದರೆ... ಅದಾದ ಮೇಲೆ ಹೇಳಿದ್ದೂ ಕೇಳಿಸ್ತಾ?!"

"ಇಲ್ಲ. ಎಚ್ಚರಾದ ತಕ್ಷಣ ಆಫ್ ಮಾಡಿದೆ. ಕದ್ದು ಕೇಳೋನಲ್ಲ ನಾನು."

*ಅವನಿಗೆ ಗೊತ್ತಿಲ್ಲ! ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತೆ...*

ಆದರೆ ಗಂಡನ ಜೊತೆಗೂ ಅವಳು ಸುಮ್ಮನೆಯೇ ಬಾಳಿದ್ದಳು. ಆ ಮೌನದಿಂದ ಸಿಕ್ಕಿದ್ದೇನು? ಅವಳಿಗೆ ಸಾಕಾಗಿತ್ತು.

"ಮಷೀನು ಹಾಕ್ಕೊಳ್ಳಿ."

ಅವನು ಹಾಕಿಕೊಂಡ.

"ಹೋದ ತಿಂಗಳು ನೀವು ಒಂದು ವಾರ ಬರಲಿಲ್ಲ. ಏನಾಯ್ತೋ ಅಂತ... ಬಸ್ಸಲ್ಲಿ ಎಲ್ಲರೆದುರು ಗೊಳೋ ಅಂತ ಅತ್ತೆ. ಒಳಗೆ ಆಮೇಲೆ ಹೇಳಿದ್ದು ಅದನ್ನೇ."

ಸಿಕ್ಸ್ಟನ್ ಕಣ್ಣು ತುಂಬಿ ಬಂತು.

"ನನಗೋಸ್ಕರಾನಾ?... ಬರೀ ನೆಗಡಿ ಆಗಿತ್ತು ಕಣೇ!"

"ನನಗೇನು ಗೊತ್ತಿತ್ತು!"

ಅವನು ಅವಳ ಕೈ ಹಿಡಿದ. "ಇನ್ನು ಮೇಲೆ ಒಂದು ಸೀನು ಬಂದ್ರೂ ಫೋನ್ ಮಾಡ್ತೀನಿ."

"ಫೋನ್ ಯಾಕೆ?" ಎಂದು ಗುನ್ವೋರ್ ಕಣ್ಣೊರೆಸಿಕೊಂಡಳು. "ನನ್ನ ಪಕ್ಕದಲ್ಲೇ ಕೂತು ಸೀನು."