ಸಿಹಿ ಆಮ್ಲೆಟ್‌ಗೆ ಬಿದ್ದ ಉಪ್ಪು

"ಇದಕ್ಕೆ ಉಪ್ಪು ಹಾಕಿದ್ದೀರಾ?"

ಹೀಗೆ ಕೇಳಿದವನು ಎದುರಿನ ಅಂಗಡಿಗೆ ಹೊಸದಾಗಿ ಬಂದ ಗಡಿಯಾರ ರಿಪೇರಿಯವನು. ಕೇಳಿದ್ದು ಅಪ್ಪನ ಪುಟ್ಟ ಹೋಟೆಲಿನಲ್ಲಿ ಆಮ್ಲೆಟ್ ಹಾಕುವ ಹುಡುಗಿಯನ್ನು.

"ಸಿಹಿ ಆಮ್ಲೆಟ್‌ಗೆ ಯಾರ್ರೀ ಉಪ್ಪು ಹಾಕ್ತಾರೆ? ನಿಮ್ಮ ನಾಲಿಗೇನೇ ರಿಪೇರಿ ಮಾಡ್ಕೊಳ್ಳಿ!"

ಅವಳು ಸಿಡುಕಿದ್ದೇನೋ ನಿಜ. ಆದರೆ ಕಣ್ಣು ತುಂಬಿಬಂತು. ಹಿಂದಿನ ದಿನವಷ್ಟೇ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: "ಒಂದು ತಿಂಗಳು ನೋಡ್ತೀನಿ. ಯಾರೂ ತಿನ್ನದಿದ್ರೆ ಈ ಹಣ್ಣಿನ ಆಮ್ಲೆಟ್ ಹುಚ್ಚು ಬಿಟ್ಟು ಖಾರದ ಆಮ್ಲೆಟ್ ಹಾಕ್ಕೊಂಡಿರು."

ಕಣ್ಣೀರು ಕಂಡು ಅವನು ಗಾಬರಿಯಾದ. "ಇಲ್ಲ ಇಲ್ಲ... ಚೆನ್ನಾಗಿದೆ!" ಎಂದು ತಟ್ಟೆ ಖಾಲಿ ಮಾಡಿ ಹೋದ.

ಮರುದಿನವೂ ಬಂದ. ಅದರ ಮರುದಿನವೂ.

ಮೊಟ್ಟೆಯ ಬಿಳಿಯನ್ನು ನೊರೆಯೇಳುವಂತೆ ಕಡೆದು, ಹಳದಿಗೆ ಸಕ್ಕರೆ ಬೆರೆಸಿ, ಬೆಣ್ಣೆಯಲ್ಲಿ ಬಾಡಿಸಿದ ಸೇಬನ್ನೋ ಅನಾನಸನ್ನೋ ಒಳಗಿಟ್ಟು ಮಡಚುವಾಗ ಅವಳ ಕಣ್ಣು ಬಾಗಿಲಲ್ಲೇ ಇರುತ್ತಿತ್ತು. ಉಳಿದ ಗಿರಾಕಿಗಳು ಒಮ್ಮೆ ತಿಂದವರು ಮತ್ತೆ ಕೇಳುತ್ತಿರಲಿಲ್ಲ. ಅವನೊಬ್ಬನ "ಚೆನ್ನಾಗಿದೆ" ಸಾಕಿತ್ತು, ಅವಳ ಇಡೀ ದಿನ ಹಗುರಾಗುತ್ತಿತ್ತು. ಇದು ಬರೀ ಆಮ್ಲೆಟ್ ವಿಷಯವಲ್ಲ ಎಂದು ಅವಳಿಗೂ ಗೊತ್ತಾಗಿತ್ತು. ನಿಮಗೂ ಗೊತ್ತಾಗಿರಬೇಕು!

ಗಡುವಿಗೆ ಎರಡು ದಿನವಿರುವಾಗ ಅಕ್ಕ ಬಂದು ಪಕ್ಕದಲ್ಲಿ ನಿಂತಳು.

"ಏ, ಉಪ್ಪು ಹಾಕಿದೆಯಲ್ಲೇ!"

ಅವಳು ತನ್ನ ಕೈ ನೋಡಿಕೊಂಡಳು. ಎಂಟು ವರ್ಷ ಖಾರದ ಆಮ್ಲೆಟ್ ಹಾಕಿದ ಕೈ. ಮೊಟ್ಟೆ ಒಡೆದೊಡನೆ ತಾನಾಗಿ ಉಪ್ಪಿನ ಡಬ್ಬಿಗೆ ಹೋಗಿತ್ತು. ದಿನವೂ ಹೋಗಿತ್ತು! ಅವಳು ರುಚಿ ನೋಡುತ್ತಿದ್ದದ್ದು ಹಣ್ಣನ್ನು ಮಾತ್ರ.

ಅವನು ಬಂದೊಡನೆ ತರಾಟೆಗೆ ತೆಗೆದುಕೊಂಡಳು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಮೊದಲ ದಿನ ಹೇಳಿದ್ದಕ್ಕೆ ನೀವು ಅತ್ಬಿಟ್ರಿ..."

"ಕೆಟ್ಟ ಗಡಿಯಾರಾನ ಸರಿಯಾಗಿದೆ ಅಂತ ವಾಪಸ್ ಕೊಡ್ತೀರಾ? ನನ್ನನ್ನ ಮಾತ್ರ ಮಂಗ ಮಾಡಿದ್ರಿ! ನಾಳೆಯಿಂದ ಬರಬೇಡಿ."

ಅವನು ಬರಲಿಲ್ಲ. ಆ ಖಾಲಿ ಕುರ್ಚಿ ನೋಡಲಾಗಲಿಲ್ಲ ಅವಳಿಗೆ.

ಕೊನೆಯ ದಿನ ಅವಳು ಉಪ್ಪಿನ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು ಮನೆಗೆ ಕಳಿಸಿದಳು. ಬಂದ ಗಿರಾಕಿಗಳಿಗೆಲ್ಲ ಬಡಿಸಿ, ಒಂದು ತಟ್ಟೆ ಹಿಡಿದು ತಾನೇ ರಸ್ತೆ ದಾಟಿದಳು.

"ತಿಂದು ನಿಜ ಹೇಳಿ."

ಅವನು ನಿಧಾನವಾಗಿ ತಿಂದ. "ಉಪ್ಪಿಲ್ಲ. ಹಣ್ಣು ಹದವಾಗಿ ಬೆಂದಿದೆ. ಆದ್ರೆ... ಸಕ್ಕರೆ ಒಂದು ಚಮಚ ಜಾಸ್ತಿ."

ಅವಳ ಕಣ್ಣು ಮತ್ತೆ ತುಂಬಿತು.

"ನೋಡಿ, ಅಳ್ತಿದ್ದೀರಿ!"

"ಅಳ್ತೀನಿ, ನೀವು ನಿಜಾನೇ ಹೇಳಿ."

"ಹಾಗಾದ್ರೆ ಇನ್ನೊಂದು ನಿಜ... ನನಗೆ ಮೊಟ್ಟೆನೇ ಸೇರಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ."

ಅಷ್ಟರಲ್ಲಿ ಎದುರಿನಿಂದ ಅಪ್ಪನ ಕೂಗು: "ಎಲ್ಲಿ ಹೋದ್ಯೇ? ಸಿಹಿ ಆಮ್ಲೆಟ್ ಮತ್ತೆ ಕೇಳ್ತಿದ್ದಾರೆ, ಬೇಗ ಬಾ!"

ಅವಳು ನಗುತ್ತಾ ಕಣ್ಣೊರೆಸಿಕೊಂಡಳು. "ನಾಳೆ ಬರ್ತೀರಾ? ಮೊಟ್ಟೆ ಇಲ್ಲದೆ ಬರೀ ಹಣ್ಣು ಕೊಡ್ತೀನಿ."

"ಬೇಡ. ಆಮ್ಲೆಟ್ಟೇ ಕೊಡಿ," ಎಂದ ಅವನು. "ಅಭ್ಯಾಸ ಮಾಡ್ಕೋಬೇಕಲ್ಲ... ಜೀವನಪೂರ್ತಿ ತಿನ್ನೋದಿದೆ."