ವರ್ಷಕ್ಕೊಮ್ಮೆ ಹಾಜರಿ

ಮನೆ ಕಾಗದದ ಪ್ರಕಾರ ಓರಾಥೈಯದು, ಅದರಲ್ಲಿ ಸುಖವಾಗಿದ್ದವನು ಮಾತ್ರ ಉರ್ಸ್. ಥಾಯ್ಲೆಂಡಿನಲ್ಲಿ ಪರದೇಶದವರು ನೆಲ ಕೊಳ್ಳುವಂತಿಲ್ಲ. ಅದಕ್ಕೇ ಆ ಸ್ವಿಸ್ ಮುದುಕ ಹುವಾ ಹಿನ್ ಊರಿನ ಕಡಲ ಬಳಿ ತಾನು ಕಟ್ಟಿಸಿದ ಮನೆಯನ್ನು ತನ್ನ ವೀಸಾ ಏಜೆಂಟ್ ಓರಾಥೈಯ ಹೆಸರಿಗೆ ಬರೆಸಿದ್ದ. ಅಷ್ಟು ನಂಬಿಕೆ. ಅವಳೋ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಬೆವರುತ್ತ ಕೂತು, ತನ್ನ ದೇಶದಲ್ಲಿ ಆರಾಮವಾಗಿರುವ ದಾರಿಯನ್ನು ಬಂದವರಿಗೆಲ್ಲ ಹುಡುಕಿಕೊಡುತ್ತಿದ್ದಳು. ಆ ಮನೆಯ ಜಗಲಿ ಹತ್ತಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ತನ್ನದೇ ಮನೆಗೆ ತಾನು ನೆಂಟಳಂತೆ ಹೋಗಬೇಕಿತ್ತು.

ಕೊಲ್ಲುವುದು ದೊಡ್ಡ ಮಾತಲ್ಲ. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ತೊಡಕಿದ್ದುದು ವಲಸೆ ಕಚೇರಿಯದು. ನಿವೃತ್ತರ ವೀಸಾದವರು ಮೂರು ತಿಂಗಳಿಗೊಮ್ಮೆ ತಾವು ಎಲ್ಲಿದ್ದೇವೆಂದು ತಿಳಿಸಬೇಕು, ತಪ್ಪಿದರೆ ಹುಡುಕುತ್ತಾರೆ. ಆದ್ದರಿಂದ ಅವಳು ಮೊದಲು ಅವನ ವೀಸಾ ಬದಲಿಸಿದಳು. ಹತ್ತು ವರ್ಷದ ವೀಸಾ. ಅದರಲ್ಲಿ ಹಾಜರಿ ವರ್ಷಕ್ಕೊಮ್ಮೆ ಸಾಕು. ಒಂದಿಡೀ ವರ್ಷ ಸರ್ಕಾರ ಅವನನ್ನು ಮರೆತಿರುತ್ತದೆ, ಅಷ್ಟರಲ್ಲಿ ಮನೆ ಮಾರಿ ದೂರ ಹೋಗಬಹುದು.

ದುಬಾರಿಯಾಯಿತೆಂದು ಮುದುಕ ಗೊಣಗಿದ್ದ.

"ಈ ವಯಸ್ಸಲ್ಲಿ ಆ ಕ್ಯೂನಲ್ಲಿ ನಿಂತು ಸಾಯ್ತೀರಾ ದೊಡ್ಡಪ್ಪ?" ಎಂದು ಗದರಿದಳು.

ವೀಸಾ ಬಂದ ದಿನ ಅವನ ಕಣ್ಣು ತುಂಬಿತ್ತು. "ಇನ್ನು ಯಾರೂ ನನ್ನ ಇಲ್ಲಿಂದ ಕಳಿಸಲ್ಲ ಅಲ್ವಾ ಮಗಳೇ?" ಎಂದ. ಯಾರೂ ಕಳಿಸುವುದಿಲ್ಲ ಎಂದು ಅವಳು ಸಮಾಧಾನ ಹೇಳಿದಳು.

ಸೋಮವಾರ ಮಧ್ಯಾಹ್ನ ಕಲ್ಲಂಗಡಿ ರಸದಲ್ಲಿ ನಿದ್ದೆ ಮಾತ್ರೆ ಬೆರೆಸಿ ಕೊಟ್ಟಳು. ಆಮೇಲೆ ದಿಂಬು ಒತ್ತಿದಳು. ಒಣಕಲು ದೇಹ, ಹಿತ್ತಿಲ ಬತ್ತಿದ ಬಾವಿಗೆ ಎಳೆದೊಯ್ಯುವುದು ಕಷ್ಟವಾಗಲಿಲ್ಲ. ಬಾವಿಯ ಬಾಯಿಗೆ ಚಪ್ಪಡಿ ಎಳೆದು ಸಿಮೆಂಟು ಬಳಿದಳು. ಚಿಕಿತ್ಸೆಗೆಂದು ತನ್ನ ದೇಶಕ್ಕೆ ಹೋಗಿದ್ದಾನೆ ಎಂಬ ಉತ್ತರ ಸಿದ್ಧವಿತ್ತು, ಆದರೆ ಯಾರೂ ಕೇಳಲಿಲ್ಲ. ಪಕ್ಕದ ಮನೆಯ ಪೊಲೀಸ್ ಕಾಂಪೊನ್ ಕೂಡ ಅವಳನ್ನು ಕಂಡು ಸುಮ್ಮನೆ ನಕ್ಕು ಹೋದ. ಎಷ್ಟು ಸಲೀಸಾಗಿ ಮುಗಿಯಿತೆಂದು ಅವಳಿಗೇ ಆಶ್ಚರ್ಯ.

ಗುರುವಾರ ಬೆಳಿಗ್ಗೆ ತನ್ನ ಮನೆಯ ಜಗಲಿಯನ್ನು ತಾನೇ ತೊಳೆಯುತ್ತಿದ್ದಾಗ ಪಿಕಪ್ ಗಾಡಿಯೊಂದು ಬಂದು ನಿಂತಿತು. ಒಂಬತ್ತು ಮಂದಿ ಭಿಕ್ಷುಗಳು ಇಳಿದರು. ಹಿಂದೆಯೇ ಪಾತ್ರೆ ಹೊತ್ತ ಓಣಿಯ ಹೆಂಗಸರು, ಬಿಳಿ ಅಂಗಿ ತೊಟ್ಟ ಕಾಂಪೊನ್.

"ದೊಡ್ಡಪ್ಪ ಎಲ್ಲಿ ಅಕ್ಕಾ?" ಎಂದ ಕಾಂಪೊನ್.

ಅವಳು ಸಿದ್ಧವಿದ್ದ ಉತ್ತರ ಕೊಟ್ಟಳು. ಸೋಮವಾರವೇ ಹೊರಟ ಎಂದಳು.

"ಅದ್ಹೇಗಮ್ಮ ಹೋಗ್ತಾನೆ?" ಎಂದರು ಹಿರಿಯ ಭಿಕ್ಷು. "ಇವತ್ತು ಎಪ್ಪತ್ತೆರಡು ತುಂಬತ್ತೆ, ಮನೆಗೆ ಬಂದು ಊಟ ಮಾಡಿ ಅಂತ ಭಾನುವಾರ ತಾನೇ ಬಂದು ಕರೆದ. ದಾನದ ಪುಣ್ಯವೆಲ್ಲ ಓರಾಥೈ ಹೆಸರಿಗೆ ಬಿಡ್ತೀನಿ ಅಂದ. ನಿನಗೆ ಮಾತ್ರ ಹೇಳ್ಬೇಡಿ ಅಂತ ಓಣಿಗೆಲ್ಲ ತಾಕೀತು ಮಾಡಿದ್ನಂತೆ."

ಆ ಹುಟ್ಟಿದ ತಾರೀಖನ್ನು ಎಷ್ಟು ಅರ್ಜಿಗಳಲ್ಲಿ ಅವಳೇ ಬರೆದಿದ್ದಳು. ಅದೂ ಒಂದು ದಿನವಾಗಿ ಬರುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹನ್ನೆರಡು ವರ್ಷದ ಆರನೆಯ ಸುತ್ತು, ಅಂದರೆ ಎಪ್ಪತ್ತೆರಡು, ತುಂಬಿದರೆ ಭಿಕ್ಷುಗಳನ್ನು ಕರೆಯುವುದು ಥಾಯ್ ಜನರ ಪದ್ಧತಿ. ಪರದೇಶದವರು ಬಾರಿನಲ್ಲಿ ಕೇಕು ಕತ್ತರಿಸುತ್ತಾರೆ. ಉರ್ಸ್ ತನ್ನನ್ನು ಈ ಊರಿನವನೆಂದೇ ತಿಳಿದಿದ್ದ ಸಂಗತಿ ಓಣಿಗೆಲ್ಲ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಕಾಂಪೊನ್ ಕೈಯಲ್ಲಿದ್ದ ಅನ್ನದ ಪಾತ್ರೆಯನ್ನು ಕೆಳಗಿಟ್ಟು, ದೊಡ್ಡಪ್ಪಾ ಎಂದು ಕೂಗುತ್ತ ಹಿತ್ತಿಲ ಕಡೆ ನಡೆದ.