ನಾಲ್ಕು ಸ್ಕ್ರೂಗಳು

ಕಂಪ್ಯೂಟರ್ ರಿಪೇರಿ ಮಾಡಿ ಮುಚ್ಚಿದ ಮೇಲೆ ಪ್ರತಿ ಸ್ಕ್ರೂ ಮೇಲೂ ಒಂದು ಹನಿ ಕೆಂಪು ನೇಲ್ ಪಾಲಿಶ್ ಹಾಕುವುದು ನನ್ನ ಅಭ್ಯಾಸ. ಬೇರೆ ಯಾರಾದರೂ ಬಿಚ್ಚಿದರೆ ಅದು ಒಡೆದು ಗೊತ್ತಾಗುತ್ತದೆ.

ಆ ಮಧ್ಯಾಹ್ನ ಗೆಳೆಯ ಫೋನ್ ಮಾಡಿ, "ನಿನ್ನೆವರೆಗೂ ಚೆನ್ನಾಗಿತ್ತು ಕಣೋ, ಇವತ್ತು ಆನ್ ಆಗ್ತಾನೇ ಇಲ್ಲ" ಎಂದ. ಹೋದೆ. ಅದು ತೀರಿಕೊಂಡ ಅವನ ಹೆಂಡತಿಯ ಕಂಪ್ಯೂಟರ್. ಪ್ಲಗ್ ಕಿತ್ತು ಎಷ್ಟೋ ಹೊತ್ತಾಗಿದ್ದರೂ ಸಿಪಿಯು ಡಬ್ಬ ಮೈ ಬಿಸಿಯಷ್ಟು ಬೆಚ್ಚಗಿತ್ತು. ಹೋದ ವರ್ಷ ನಾನು ಹಾಕಿದ್ದ ಪಾಲಿಶ್ ಹಾಗೇ ಇತ್ತು. ಬಿಚ್ಚಿ ನೋಡಿದರೆ ಒಳಗೆ ಹಾರ್ಡ್ ಡಿಸ್ಕೇ ಇಲ್ಲ.

"ಹೋದ ವರ್ಷ ಅತ್ತಿಗೆ ತೀರಿಕೊಂಡ ವಾರವೇ ನೀನೇ ಹೇಳಿ ನನ್ನ ಕೈಲಿ ಡಿಸ್ಕ್ ತೆಗೆಸಿದ್ದೆಯಲ್ಲೋ! ಅದಿಲ್ಲದೆ ಇದರಲ್ಲಿ ಏನೂ ತೆರೆಯೋದೇ ಇಲ್ಲ."

"ಹಾಗಾದ್ರೆ ದಿನಾ ಸಂಜೆ ಇದರಲ್ಲಿ ನನಗೆ ಉತ್ತರ ಬರೀತಿದ್ದೋಳು ಯಾರೋ?"

ಡಿಸ್ಕ್ ಇರಬೇಕಾದ ಖಾಲಿ ಜಾಗಕ್ಕೆ ನಾನು ಮತ್ತೆ ಟಾರ್ಚ್ ಬಿಟ್ಟು ನೋಡಿದೆ.

"ಹೊಸ ಡಿಸ್ಕ್ ಹಾಕಿದ್ರೆ ಬರ್ತಾಳಾ?" ಅವನೇ ಕೇಳಿದ.

"ಬರಲ್ಲ ಕಣೋ."

ಅವನು ಕಿಟಕಿಗೆ ಹಣೆ ಹಚ್ಚಿ ನಿಂತ. ನಾನು ಡಬ್ಬ ಮುಚ್ಚಿ ಸ್ಕ್ರೂ ಬಿಗಿದೆ. ಪಾಲಿಶ್ ಬಾಟಲಿ ಅಂಗಡಿಯಲ್ಲೇ ಉಳಿದಿತ್ತು. ಹಾಳಾಗಿ ಹೋಗಲಿ ಎಂದುಕೊಂಡು ಚೀಲ ಹೆಗಲಿಗೇರಿಸಿದೆ. ಹೊರಡುವ ಮುನ್ನ ಅಭ್ಯಾಸಬಲದಿಂದ ಸ್ಕ್ರೂಗಳ ಮೇಲೆ ಬೆರಳಾಡಿಸಿದೆ.

ನಾಲ್ಕರ ಮೇಲೂ ಕೆಂಪು ಹನಿ. ಇನ್ನೂ ಹಸಿಯಾಗಿತ್ತು, ಬೆರಳಿಗೆ ಅಂಟಿತು. ಗೆಳೆಯ ಕಿಟಕಿ ಬಿಟ್ಟು ಕದಲಿರಲಿಲ್ಲ. ಡಬ್ಬ ಮಾತ್ರ ಈಗ ತಣ್ಣಗೆ ಕೊರೆಯುತ್ತಿತ್ತು.